ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಹಿತ್ತಿಲ ಬಾಗಿಲು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಮಂಡ್ಯದ ಹೆಣ್ಣುಮಕ್ಕಳು ಹುಟ್ಟುವಾಗಲೇ ಅದನ್ನು ಕಟ್ಟಿಕೊಂಡು ಬರುತ್ತಾರೆ ಎಂದು ಮೈಸೂರಿನವನಾದ ನನ್ನ ಗಂಡ ಹೇಳುತ್ತಾನೆ, ಹೇಳಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾನೆ. ಇಂಥವಳಿಗೆ ಸಿಕ್ಕಿದ ಕೆಲಸವೆಂದರೆ ಬಾಯಿ ಮುಚ್ಚಿಕೊಂಡು ಕೂತು ಊರವರ ಸಿಟ್ಟನ್ನು ಬರೆದುಕೊಳ್ಳುವುದು. ನ್ಯೂಜೆರ್ಸಿಯ ಒಂದು ಕೌಂಟಿ ಸರ್ಕಾರದ ಕಚೇರಿಯಲ್ಲಿ ಹನ್ನೊಂದು ವರ್ಷದಿಂದ ಕ್ಲರ್ಕ್ ಆಗಿದ್ದೇನೆ. ಕೌಂಟಿ ಎಂದರೆ ನಮ್ಮ ಜಿಲ್ಲಾ ಪಂಚಾಯಿತಿ ಇದ್ದ ಹಾಗೆ ಅಂದುಕೊಳ್ಳಿ. ರಸ್ತೆ, ಸೇತುವೆ, ಜೈಲು, ಪಾರ್ಕು ಎಲ್ಲ ಅದರ ಕೈಯಲ್ಲಿ. ತಿಂಗಳಿಗೆ ಎರಡು ಬುಧವಾರ ಸಂಜೆ ಏಳಕ್ಕೆ ಸಾರ್ವಜನಿಕ ಸಭೆ. ಎತ್ತರದ ಮೇಜಿನ ಹಿಂದೆ ಏಳು ಜನ ಕಮಿಷನರ್‌ಗಳು, ನಡುವೆ ಅಧ್ಯಕ್ಷೆ, ಕೆಳಗಿನ ಪುಟ್ಟ ಮೇಜಿನಲ್ಲಿ ನಾನು.

ಜನ ಮಾತಾಡುವ ಹೊತ್ತು ಬಂದಾಗ ಪಟ್ಟಿ ನೋಡಿ ಹೆಸರು ಕರೆಯುವುದು, ಅವರಿಂದ ಹೆಸರು ವಿಳಾಸ ಮೈಕಿನಲ್ಲಿ ಹೇಳಿಸುವುದು, ಮೂರು ನಿಮಿಷವಾದ ಕೂಡಲೇ ಕೆಂಪು ದೀಪ ಒತ್ತುವುದು, ಆಮೇಲೆ ನಡಾವಳಿ ಬರೆಯುವುದು, ಇಷ್ಟು ನನ್ನ ಕೆಲಸ. ವಿಳಾಸ ಹೇಳದೆ ಮಾತಾಡುವ ಹಾಗಿರಲಿಲ್ಲ. ನಡಾವಳಿಯಲ್ಲಿ ಸಿಟ್ಟಿಗೆ ಜಾಗವಿಲ್ಲ. ಯಾರು, ಎಲ್ಲಿಯವರು, ಯಾವ ವಿಷಯ, ಅಷ್ಟೇ.

ಆ ಸಭಾಂಗಣದಲ್ಲಿ ನಾನು ಕಂಡ ಹೊಡೆದಾಟವನ್ನು ಮಂಡ್ಯದ ಬಸ್ ಸ್ಟ್ಯಾಂಡಿನಲ್ಲೂ ಕಂಡಿಲ್ಲ. ನಾಯಿಗಳ ಶೆಲ್ಟರ್ ಮುಚ್ಚುವ ದಿನ ಒಬ್ಬ ಹೆಂಗಸು ಸುರುಳಿ ಸುತ್ತಿದ ಅರ್ಜಿಯಿಂದ ಕಮಿಷನರ್ ಒಬ್ಬನ ಕೆನ್ನೆಗೆ ಬಾರಿಸಿದಳು. ಕಸದ ಲಾರಿಯ ವಿಷಯಕ್ಕೆ ಇಬ್ಬರು ಮುದುಕರು ಬಾಗಿಲಲ್ಲೇ ಒಬ್ಬರ ಟೈ ಒಬ್ಬರು ಹಿಡಿದು ಎಳೆದಾಡಿದರು. ಕೌಂಟಿ ಜೈಲಿನಲ್ಲಿ ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ಮೈಕಿನ ಮರದ ಕಟ್ಟೆಗೆ ಹಣೆ ಚಚ್ಚಿಕೊಂಡಳು. ಠಪ್, ಠಪ್ ಎಂದು ಅದು ಸ್ಪೀಕರಿನಲ್ಲಿ ಕೇಳಿಸಿತು. ಮೂರು ನಿಮಿಷ ಆಗಿತ್ತು, ನಾನು ಕೆಂಪು ದೀಪ ಒತ್ತಿದೆ. ಅವಳ ಹೆಸರು, ರಸ್ತೆಯ ಮುಂದೆ 'ಜೈಲಿನ ಬಗ್ಗೆ ಮಾತಾಡಿದರು' ಎಂದು ಬರೆದೆ. ಮನೆಗೆ ಹೋಗಿ ಎರಡು ಸ್ಟೀಲ್ ಡಬ್ಬಿಗಳನ್ನು ಗೋಡೆಗೆ ಎಸೆದು ನಜ್ಜುಗುಜ್ಜು ಮಾಡಿದೆ. ಗಂಡ ಚೆಲ್ಲಿದ ಬೇಳೆ ಗುಡಿಸಿದ.

ಅಂಕಲ್ ಬಂದದ್ದು ಒಂದು ಚಳಿಗಾಲದ ಕೊನೆಯಲ್ಲಿ, ಹಿಮ ಕರಗಿ ಪಾರ್ಕಿಂಗ್ ಜಾಗವೆಲ್ಲ ಕೆಸರಾಗಿದ್ದಾಗ. ಹಾಸನದ ಕಡೆಯವರು, ಎಪ್ಪತ್ತು ದಾಟಿದವರು, ಅದಕ್ಕೇ ನನಗೆ ಅಂಕಲ್. ಊರಿನಲ್ಲಿ ಸಬ್‌ರಿಜಿಸ್ಟ್ರಾರ್ ಆಫೀಸಿನ ಗುಮಾಸ್ತರಾಗಿ ನಿವೃತ್ತರಾದ ಮೇಲೆ ಗಂಡ ಹೆಂಡತಿ ಇಬ್ಬರೂ ಇಲ್ಲಿ ಮಗಳ ಮನೆಗೆ ಬಂದು ನೆಲೆಸಿದ್ದರು. ಮಗಳು ಹತ್ತಿರದ ಪಾರ್ಸಿಪನಿ ಊರಿನ ಒಂದು ಆಫೀಸಿನಲ್ಲಿ ಇಂಜಿನಿಯರ್. ಹಿಂದಿನ ನವೆಂಬರಿನ ಒಂದು ಸಂಜೆ ಐದು ಗಂಟೆಗೆ ಅವರ ಹೆಂಡತಿ ಕೊತ್ತಂಬರಿ ಸೊಪ್ಪು ತರಲು ಅಂಗಡಿಗೆ ನಡೆದು ಹೊರಟಿದ್ದರು. ಆ ಕೌಂಟಿ ರಸ್ತೆಗೆ ಫುಟ್‌ಪಾತ್ ಇರಲಿಲ್ಲ. ಇಲ್ಲಿಯವರು ಅದರಲ್ಲಿ ನಾಯಿಯನ್ನೂ ನಡೆಸುವುದಿಲ್ಲ, ನಮ್ಮ ಹಿರಿಯರು ಮಾತ್ರ ಕೈಚೀಲ ಹಿಡಿದು ಅಂಚಿನಲ್ಲಿ ನಡೆಯುತ್ತಾರೆ. ಒಂದು ಪಿಕಪ್ ಟ್ರಕ್ ಹಿಂದಿನಿಂದ ಗುದ್ದಿ ನಿಲ್ಲಿಸದೆ ಹೋಯಿತು. ಆಕೆ ಹಾರಿ ಯಾರದೋ ಮನೆಯ ಮುಂದಿನ ಹುಲ್ಲಿನ ಮೇಲೆ ಬಿದ್ದು, ಅಲ್ಲೇ ಜೀವ ಬಿಟ್ಟರು.

ಆಮೇಲೆ ಕೌಂಟಿಯ ಇಂಜಿನಿಯರುಗಳು ಆ ರಸ್ತೆಗೆ ಫುಟ್‌ಪಾತಿನ ನಕ್ಷೆ ಬರೆದರು. ಅದಕ್ಕೆ ಏಳು ಮನೆಗಳ ಮುಂದಿನ ಎಂಟೆಂಟು ಅಡಿ ಜಾಗ ಹೋಗಬೇಕು, ಒಂದು ದೊಡ್ಡ ಮೇಪಲ್ ಮರವನ್ನು ಕಡಿಯಬೇಕು. ಮರ ಇದ್ದ ಮನೆಯವನು ಆರಡಿ ಮೀರಿದ ಆಳು, ಸದಾ ಟೋಪಿ ಹಾಕಿಕೊಂಡಿರುತ್ತಿದ್ದ. ಪ್ರತಿ ಸಭೆಗೂ ಬಂದು ಎರಡನೇ ಸಾಲಿನಲ್ಲಿ ಕೂರುತ್ತಿದ್ದ, ಹಿಂದೆ ಅಂಥದೇ ಟೋಪಿಯ ಮೂವರು ಸ್ನೇಹಿತರು. ಆ ಮರ ಅವನ ಅಪ್ಪ ನೆಟ್ಟದ್ದಂತೆ. ಆಕೆ ಬಿದ್ದದ್ದು ಅದೇ ಹುಲ್ಲಿನ ಮೇಲೆ ಎನ್ನುವುದು ನನಗೆ ಆಗ ತಿಳಿದಿರಲಿಲ್ಲ.

ಆ ಸಂಜೆ ಪಟ್ಟಿಯಲ್ಲಿ ಒಂಬತ್ತನೇ ಹೆಸರು ಅವನದು, ಹತ್ತನೆಯದು ಅಂಕಲ್‌ದು. ಅವನು ಎರಡು ನಿಮಿಷ ಸಮಾಧಾನವಾಗಿಯೇ ಮಾತಾಡಿದ. ಆಮೇಲೆ ಒಬ್ಬ ಕಮಿಷನರ್ ಫೋನ್ ನೋಡುತ್ತಿದ್ದದ್ದು ಅವನ ಕಣ್ಣಿಗೆ ಬಿತ್ತು. ಮುಂದೆ ಇದ್ದ ಕುರ್ಚಿಯನ್ನು ಒದ್ದ, ಅದು ನನ್ನ ಮೇಜಿಗೆ ಬಡಿಯಿತು. ನೀರಿನ ಗಾಜಿನ ಜಗ್ಗನ್ನು ತೋಳಿನಿಂದ ಬೀಸಿ ಕೆಡವಿದ. "ನನ್ನ ಜಾಗಕ್ಕೆ ಗರಗಸ ತಂದವನ ಕೈಯನ್ನ ಅದೇ ಗರಗಸದಲ್ಲಿ ಕುಯ್ತೀನಿ," ಎಂದು ಇಂಗ್ಲಿಷಿನಲ್ಲಿ ಕಿರುಚಿದ. ಕಾವಲಿಗಿದ್ದ ಇಬ್ಬರು ಶೆರಿಫ್ ಆಫೀಸರ್‌ಗಳು ಅವನನ್ನು ಕಾರ್ಪೆಟ್ಟಿನ ಮೇಲೆ ಮುಖ ಅಡಿಯಾಗಿ ಒತ್ತಿ ಹಿಡಿದರು. ಒಡೆದ ಗಾಜು ಅವನ ಕೆನ್ನೆಗೆ ಚುಚ್ಚಿತ್ತು. ಎಬ್ಬಿಸಿ, ಎಚ್ಚರಿಕೆ ಕೊಟ್ಟು, ಸ್ನೇಹಿತರ ಜೊತೆ ಮನೆಗೆ ಕಳಿಸಿದರು. ಅವನ ಹೆಸರಿನ ಮುಂದೆ 'ಸಭೆಯಿಂದ ನಿರ್ಗಮಿಸಿದರು' ಎಂದು ನಾನು ಟೈಪ್ ಮಾಡಿದೆ. ಎದ್ದು ಹೋಗಿ ನಾನೂ ಒಂದು ಒದೆ ಕೊಡಲಾಗಲಿಲ್ಲವಲ್ಲ ಎಂದು ಕೀಲಿಗಳನ್ನು ಕುಟ್ಟಿದೆ.

ಒದ್ದೆ ಕಾರ್ಪೆಟ್ಟಿನ ಮೇಲೆ ಕಾಲು ಎತ್ತಿ ಎತ್ತಿ ಇಡುತ್ತ ಅಂಕಲ್ ಮೈಕಿನ ಮುಂದೆ ಬಂದು ನಿಂತರು. ಕೋಟು, ಮಫ್ಲರ್, ಕೈಯಲ್ಲಿ ಮಡಿಸಿದ ಕಾಗದ. ನನ್ನ ಎದೆಯ ಮೇಲಿನ ಹೆಸರಿನ ಪಟ್ಟಿ ನೋಡಿ, "ನಮ್ಮವಳೇನವ್ವಾ?" ಎಂದರು. ಹೂಂ ಎಂದು ತಲೆಯಾಡಿಸಿ, ಎಲ್ಲರಿಗೂ ಹೇಳುವ ಹಾಗೆ ಹೇಳಿದೆ, "ಹೆಸರು, ವಿಳಾಸ ಪೂರ್ತಿ ಹೇಳಿ ಅಂಕಲ್."

ಪೂರ್ತಿ ಎಂದದ್ದನ್ನು ಅವರು ಪೂರ್ತಿಯಾಗಿಯೇ ತೆಗೆದುಕೊಂಡರು. ಮೂವತ್ತು ವರ್ಷ ಮನೆ ಜಮೀನಿನ ಪತ್ರ ನೋಂದಾಯಿಸಿದ ಮನುಷ್ಯ. ಆಸ್ತಿ ಪತ್ರ ಬರೆಸಿದವರಿಗೆಲ್ಲ ಗೊತ್ತಿರುವ ಮಾತು, ನಾಲ್ಕು ದಿಕ್ಕಿಗೆ ಏನೇನಿದೆ ಎನ್ನುವ ಚಕ್ಕುಬಂದಿ ಇಲ್ಲದಿದ್ದರೆ ಅದು ಪತ್ರವೇ ಅಲ್ಲ. ಅವರು ಇಂಗ್ಲಿಷಿನಲ್ಲೇ, ಆದರೆ ತಾಲ್ಲೂಕು ಕಚೇರಿಯ ಧಾಟಿಯಲ್ಲಿ ಹೇಳಿದರು. ಇಂಥವರ ಮಗ ಇಂಥವನಾದ ನಾನು, ವಯಸ್ಸು ಸುಮಾರು ಎಪ್ಪತ್ನಾಲ್ಕು, ಇಂಥ ರಸ್ತೆಯ ಇಂಥ ನಂಬರಿನ ಮನೆಯಲ್ಲಿ ವಾಸ. ಸದರಿ ಮನೆಗೆ ಚಕ್ಕುಬಂದಿ: ಪೂರ್ವಕ್ಕೆ ಕೌಂಟಿ ರಸ್ತೆ. ಉತ್ತರಕ್ಕೆ ಎರಡು ನಾಯಿ ಸಾಕಿರುವ ಹೆಂಗಸಿನ ಮನೆ. ದಕ್ಷಿಣಕ್ಕೆ ಸ್ಕೂಲ್ ಬಸ್ಸು ನಿಲ್ಲುವ ಖಾಲಿ ಜಾಗ. ಪಶ್ಚಿಮಕ್ಕೆ ಹಿತ್ತಿಲು ಮತ್ತು ಹಿತ್ತಿಲ ಬಾಗಿಲು. ಮಗಳು ಕೆಲಸಕ್ಕೆ ಹೋಗಿರುತ್ತಾಳೆ, ನಾನೊಬ್ಬನೇ ಇರುತ್ತೇನೆ, ಹಗಲು ಹೊತ್ತು ಆ ಬಾಗಿಲಿಗೆ ಬೀಗ ಹಾಕುವುದಿಲ್ಲ, ಮಾನ್ಯ ಕಮಿಷನರ್‌ಗಳು ಸ್ಥಳ ಪರಿಶೀಲನೆಗೆ ಯಾವಾಗ ಬೇಕಾದರೂ ಬರಬಹುದು.

ಕೂತಿದ್ದವರಲ್ಲಿ ಯಾರೋ ನಕ್ಕರು. ನನಗೆ ನಗು ಬರಲಿಲ್ಲ. ನಮ್ಮಪ್ಪ ಮನೆ ಪತ್ರವನ್ನು ಜೋರಾಗಿ ಓದುತ್ತಿದ್ದದ್ದು ಕಿವಿಗೆ ಬಂತು. ಅಂಕಲ್ ಕಾಗದ ಬಿಡಿಸಿ, "ನನ್ನ ಹೆಂಡತಿ," ಎಂದರು. ಅಷ್ಟರಲ್ಲಿ ಮೂರು ನಿಮಿಷ ಆಯಿತು. ಹನ್ನೊಂದು ವರ್ಷದ ಅಭ್ಯಾಸ, ನನ್ನ ಕೈ ತಾನಾಗಿಯೇ ಹೋಗಿ ಕೆಂಪು ದೀಪ ಒತ್ತಿತು. ನಮ್ಮವರು ಅಂತ ಒಂದು ನಿಮಿಷ ಹೆಚ್ಚು ಕೊಟ್ಟಳು ಎಂಬ ಮಾತು ಬರಬಾರದಲ್ಲ! ಅವರು ಕಾಗದ ಮಡಿಸಿ ಕೋಟಿನ ಜೇಬಿಗಿಟ್ಟುಕೊಂಡು, ಕಮಿಷನರ್‌ಗಳಿಗೆ ಕೈ ಮುಗಿದು ಹೋದರು.

ಮರುದಿನ ನಡಾವಳಿ ಬರೆಯುವಾಗ ಆ ಕೈಮುಗಿದದ್ದು ಕಣ್ಣಿಗೆ ಕಟ್ಟಿತ್ತು. ಹೆಂಡತಿಯ ಬಗ್ಗೆ ಅವರು ಆಡಬೇಕಿದ್ದ ಮಾತನ್ನು ನಾನು ಕಸಿದುಕೊಂಡಿದ್ದೆ, ಅವರು ಆಡಿದ ಮಾತನ್ನಾದರೂ ಉಳಿಸೋಣ ಎನಿಸಿತು. ಹೆಸರು, ರಸ್ತೆ ಇಷ್ಟೇ ಬರೆಯುವ ಜಾಗದಲ್ಲಿ ಪೂರ್ವ, ಉತ್ತರ, ದಕ್ಷಿಣ, ಪಶ್ಚಿಮ, ಬೀಗ ಹಾಕದ ಬಾಗಿಲು, ಒಬ್ಬರೇ ಇರುವ ಹೊತ್ತು, ಎಲ್ಲವನ್ನೂ ಒಂದಕ್ಷರ ಬಿಡದೆ ಟೈಪ್ ಮಾಡಿದೆ. ಮಾಡುವಾಗ ಖುಷಿಯಾಗಿತ್ತು, ಅದನ್ನು ಸುಳ್ಳು ಹೇಳಲಾರೆ. ಕೌಂಟಿಯ ದಾಖಲೆಯಲ್ಲಿ ಹಾಸನದ ಚಕ್ಕುಬಂದಿ ಕೂತಿದೆ ಎಂದು ಗಂಡನಿಗೆ ಹೇಳಿ ನಕ್ಕೆ. ಸಭೆಯ ವಿಡಿಯೊ ಹಾಕುವ ಪದ್ಧತಿ ನಮ್ಮಲ್ಲಿ ಆಗ ಇರಲಿಲ್ಲ. ನಡಾವಳಿ ಮಾತ್ರ ಶುಕ್ರವಾರ ವೆಬ್‌ಸೈಟಿಗೆ ಹೋಯಿತು.

ಹತ್ತು ದಿನಕ್ಕೆ ಒಬ್ಬ ಡಿಟೆಕ್ಟಿವ್ ನನ್ನ ಮೇಜಿನ ಹತ್ತಿರ ಬಂದ. ಪ್ಲಾಸ್ಟಿಕ್ ಚೀಲದಲ್ಲಿ ಒಂದು ಪ್ರಿಂಟ್ ತಂದಿದ್ದ. ಇದು ನಿಮ್ಮ ಆಫೀಸಿನದೇ ಅಲ್ಲವಾ ಎಂದು ಕೇಳಿದ. ನನ್ನ ನಡಾವಳಿಯ ನಾಲ್ಕನೇ ಪುಟ. ಪಶ್ಚಿಮದ ಸಾಲಿನ ಕೆಳಗೆ ನೀಲಿ ಪೆನ್ನಿನ ಗೆರೆ. ಟೋಪಿಯವನ ಟ್ರಕ್ಕಿನ ಸೀಟಿನ ಮೇಲೆ ಸಿಕ್ಕಿತಂತೆ. ಹಿಂದಿನ ಮಧ್ಯಾಹ್ನ ಅವನು, ತನ್ನ ಮರ ಹೋಗುವುದು ಈ ಮುದುಕನಿಂದಲೇ ಎಂದುಕೊಂಡು, ಹಿಮ ತೆಗೆಯುವ ಸಲಿಕೆ ಹಿಡಿದು ಹಿತ್ತಿಲ ಬಾಗಿಲಿನಿಂದ ಅಂಕಲ್ ಅವರ ಅಡಿಗೆಮನೆಗೆ ನುಗ್ಗಿದ್ದ. ಅವರ ಭುಜದ ಮೂಳೆ ಮುರಿದಿತ್ತು, ತಲೆಗೆ ಒಂಬತ್ತು ಹೊಲಿಗೆ, ಒಂದು ಕಿವಿ ಅರ್ಧ ಹರಿದಿತ್ತು. ಪಕ್ಕದ ಮನೆಯ ನಾಯಿಗಳು ಬೊಗಳಿ ಆ ಹೆಂಗಸು ಪೊಲೀಸರನ್ನು ಕರೆಯದೆ ಇದ್ದಿದ್ದರೆ ಪ್ರಾಣವೇ ಹೋಗುತ್ತಿತ್ತು. ಅವನನ್ನು ಹಿಡಿದು ಒಳಗೆ ಹಾಕಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅಂಕಲ್ ಆಡಿದ ಮಾತು ಅಂದು ಸಂಜೆಯೇ ಹೋಗಿಬಿಡುತ್ತಿತ್ತು, ಹೋಗದ ಹಾಗೆ ಹಿಡಿದಿಟ್ಟವಳು ನಾನು.

ಫ್ಲಾಸ್ಕಿನಲ್ಲಿ ಬಿಸಿ ಮೆಣಸಿನ ಸಾರು ತೆಗೆದುಕೊಂಡು ಆಸ್ಪತ್ರೆಗೆ ಹೋದೆ, ಹೇಳಿಬಿಡಬೇಕು ಎಂದುಕೊಂಡೇ. ಅಂಕಲ್ ತಲೆ ಪೂರ್ತಿ ಬ್ಯಾಂಡೇಜ್. ಕಣ್ಣು ಅರ್ಧ ತೆರೆದು ನನ್ನ ಗುರುತು ಹಿಡಿದರು.

"ಕಾಫಿಗೆ ಹಾಲು ಇಟ್ಟಿದ್ದೆ ಕಣವ್ವಾ. ಬಾಗಿಲಲ್ಲಿ ಸದ್ದಾಯ್ತು. ಆಫೀಸಿನವರು ಪರಿಶೀಲನೆಗೆ ಬಂದ್ರು ಅಂತ ಖುಷಿಯಾಯ್ತು. ಕಮ್ ಇನ್ ಅಂದೆ. ಬಂದ."

ಅವರ ಮಗಳು ಮಂಚದ ಆ ಕಡೆ ನಿಂತಿದ್ದಳು. ನಲವತ್ತರ ಹತ್ತಿರದವಳು, ಆಫೀಸಿನ ಬ್ಯಾಡ್ಜ್ ಇನ್ನೂ ಕೊರಳಲ್ಲಿತ್ತು. ನಾನು ಯಾರು, ಎಲ್ಲಿ ಕೆಲಸ ಎಂದು ಕೇಳಲಿಲ್ಲ, ದೇವಸ್ಥಾನದಲ್ಲಿ ಪರಿಚಯವಾದ ಯಾರೋ ಎಂದುಕೊಂಡಿರಬೇಕು. "ಥ್ಯಾಂಕ್ಸ್ ಆಂಟಿ," ಎಂದು ಫ್ಲಾಸ್ಕ್ ತೆಗೆದುಕೊಂಡು, ಹಲ್ಲು ಕಚ್ಚಿ ಹೇಳಿದಳು, "ಅಪ್ಪಂಗೆ ಇಲ್ಲಿಯ ರೀತಿ ಗೊತ್ತಿಲ್ಲ, ಏನೋ ಹೇಳಿದಾರೆ. ಅದನ್ನ ಆ ಆಫೀಸಲ್ಲಿ ಯಾರೋ ಆ್ಯಸ್ ಇಟ್ ಈಸ್ ಟೈಪ್ ಮಾಡಿ ವೆಬ್‌ಸೈಟಿಗೆ ಹಾಕಿದಾರೆ. ಹಿ ಈಸ್ ಅಲೋನ್ ಅನ್ನೋದು ಸಮೇತ. ಅವರು ಯಾರು ಅಂತ ಸಿಕ್ಕಿದ್ರೆ ಎರಡು ಕೈನೂ ಮುರೀತೀನಿ. ಐ ಮೀನ್ ಇಟ್, ಆಂಟಿ."

ನನ್ನ ಕೈಗಳು ಮಡಿಲಲ್ಲಿದ್ದವು. ಸೆರಗಿಲ್ಲದ ಉಡುಪಿನಲ್ಲಿ ಅವುಗಳನ್ನು ಎಲ್ಲಿ ಮುಚ್ಚಿಡಲಿ? ಜಾಕೆಟ್ಟಿನ ಜೇಬಿಗೆ ತುರುಕಿದೆ. ಹೇಳಲಿಲ್ಲ. ಹೇಡಿಯ ಹಾಗೆ ಎದ್ದು ಬಂದೆ.

ಅಲ್ಲಿಂದ ಸೀದಾ ಮನೆಗೆ ಹೋಗಿದ್ದರೆ ಚೆನ್ನಾಗಿತ್ತು. ಕಾರು ಆ ಕೌಂಟಿ ರಸ್ತೆಗೆ ತಿರುಗಿತು. ಮೇಪಲ್ ಮರ ದೂರದಿಂದಲೇ ಕಂಡಿತು, ಎಲೆಯಿಲ್ಲದೆ ಬೋಳಾಗಿತ್ತು. ನನ್ನ ಡಿಕ್ಕಿಯಲ್ಲೂ ಹಿಮ ತೆಗೆಯುವ ಸಲಿಕೆ ಇತ್ತು, ಈ ಊರಿನಲ್ಲಿ ಎಲ್ಲರ ಡಿಕ್ಕಿಯಲ್ಲೂ ಇರುತ್ತದೆ. ಅದನ್ನು ತೆಗೆದು ಹುಲ್ಲಿನ ಮೇಲೆ ನಡೆದು ಹೋಗಿ ಆ ಮರಕ್ಕೆ ಹೊಡೆದೆ. ಹಾಡುಹಗಲು, ಕಾರುಗಳು ಓಡಾಡುತ್ತಿದ್ದವು. ಅವನ ತಲೆ, ಅವನ ಭುಜ, ಅವನ ಕಿವಿ ಎಂದುಕೊಂಡು ಹೊಡೆದೆ. ತೊಗಟೆ ಹಾರಿ ಮುಖಕ್ಕೆ ಬಡಿಯಿತು. ಸಲಿಕೆಯ ಹಿಡಿ ಸೀಳಿತು, ಬಿಡಲಿಲ್ಲ. ಕೊನೆಕೊನೆಗೆ ನಾನು ಹೊಡೆಯುತ್ತಿದ್ದದ್ದು ಅವನನ್ನಲ್ಲ ಎಂದು ನನಗೇ ತಿಳಿಯುತ್ತಿತ್ತು.

ಮನೆಯಿಂದ ಒಬ್ಬ ಸಣಕಲು ಹೆಂಗಸು ಚಪ್ಪಲಿಯಲ್ಲೇ ಹೊರಗೆ ಬಂದಳು. ಅವನ ಹೆಂಡತಿ. ಪೊಲೀಸರನ್ನು ಕರೆಯುತ್ತಾಳೆ ಎಂದುಕೊಂಡೆ. ಅವಳು ಕೈ ಕಟ್ಟಿಕೊಂಡು ನಿಂತು ಇಂಗ್ಲಿಷಿನಲ್ಲಿ ಹೇಳಿದಳು, "ಆ ಅಮ್ಮ ಇಲ್ಲೇ ಬಿದ್ದದ್ದು. ನೀವು ನಿಂತಿರುವ ಕಡೆ. ನನ್ನ ಗಂಡ ಕೋಟು ಬಿಚ್ಚಿ ಹೊದಿಸಿ, ತಲೆಯನ್ನ ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದ, ಆಂಬುಲೆನ್ಸ್ ಬರುವ ತನಕ. ಅವತ್ತಿನಿಂದ ಅವನು ನೆಟ್ಟಗೆ ಮಲಗಿಲ್ಲ. ಒಬ್ಬರೂ ಬಂದು ಕೇಳಲಿಲ್ಲ. ಮರ ಕಡಿಯುತ್ತೇವೆ ಅಂತ ಕಾಗದ ಮಾತ್ರ ಬಂತು."

"ಅದಕ್ಕೆ ಆಕೆಯ ಗಂಡನ ಮೂಳೆ ಮುರಿಯುವುದಾ?" ಎಂದು ಕಿರುಚಿದೆ.

"ಇಲ್ಲ," ಎಂದಳು. ಆಮೇಲೆ, "ನಿಮ್ಮ ಕೈಯಿಂದ ರಕ್ತ ಸುರೀತಿದೆ," ಎಂದಳು.

ಸಲಿಕೆಯನ್ನು ಅಲ್ಲೇ ಬಿಟ್ಟು ಬಂದೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಎಂದು ಅಮ್ಮ ನನಗೆ ಹೇಳುತ್ತಲೇ ಇದ್ದಳು. ಎರಡೂ ಅಂಗೈಗೆ ಪಟ್ಟಿ ಸುತ್ತಿಕೊಂಡು ಎರಡು ವಾರ ಟೈಪ್ ಮಾಡಿದೆ.

ಫುಟ್‌ಪಾತನ್ನು ಮತಕ್ಕೆ ಹಾಕುವ ಸಭೆಗೆ ಅಂಕಲ್ ಬಂದರು. ತೋಳು ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿ, ತಲೆಯ ಮೇಲೆ ಉಣ್ಣೆ ಟೋಪಿ, ಒಂದು ಪಕ್ಕಕ್ಕೆ ಮಗಳು. ಟೋಪಿಯವನ ಮೂವರು ಸ್ನೇಹಿತರು ಅದೇ ಜಾಗದಲ್ಲಿ ಕೂತಿದ್ದರು, ಅವನ ಕುರ್ಚಿಯನ್ನು ಖಾಲಿ ಬಿಟ್ಟು. ಒಬ್ಬ ತನ್ನ ಮುಷ್ಟಿಯನ್ನು ಇನ್ನೊಂದು ಅಂಗೈಗೆ ಗುದ್ದಿಕೊಳ್ಳುತ್ತಲೇ ಇದ್ದ. ಆ ಸದ್ದು ನನ್ನ ಮೇಜಿಗೂ ಕೇಳುತ್ತಿತ್ತು. ಶೆರಿಫ್ ಆಫೀಸರ್‌ಗಳು ನಾಲ್ಕು ಜನ ಇದ್ದರು. ನಾನು ಅಂಕಲ್ ಹೆಸರು ಕರೆದೆ, ವಿಳಾಸ ಕೇಳಲಿಲ್ಲ. ಅವರು ಮೈಕಿನ ಹತ್ತಿರ ಬಂದು ನಿಂತರು. ನಾನು ಪರದೆ ನೋಡುತ್ತಿದ್ದೆ.

ಅಧ್ಯಕ್ಷೆ ನನ್ನ ಕಡೆ ಬಗ್ಗಿ, ದಾಖಲೆಗೆ ವಿಳಾಸ ಬೇಕಲ್ಲ, ಎಂದರು. ನಿಯಮ ನಿಯಮವೇ. ಗುದ್ದುವವನ ಕೈ ನಿಂತಿತು, ಕಿವಿ ನಿಮಿರಿಸಿದ.

ನನ್ನ ಮೈಕಿನ ಬಟನ್ ಒತ್ತಿದೆ. ಅವರ ವಿಳಾಸದ ಜಾಗಕ್ಕೆ ನನ್ನ ಮನೆಯ ನಂಬರು, ನನ್ನ ರಸ್ತೆ, ನನ್ನ ಊರು ಹೇಳಿದೆ. ಬೇಕಾದವರು ನನ್ನ ಮನೆಗೆ ಬರಲಿ, ಬಂದರೆ ಮುದ್ದೆ ಕೋಲು ಬಾಗಿಲ ಹಿಂದೆಯೇ ಇದೆ ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಆಮೇಲೆ ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ ಸೇರಿಸಿದೆ, "ಇವರ ಮನೆಯ ವಿಳಾಸವನ್ನು ಹೋದ ಸಲ ನಡಾವಳಿಯಲ್ಲಿ ಪೂರ್ತಿ ಬರೆದವಳು ನಾನು. ಮತ್ತೆ ಬರೆಯುವುದಿಲ್ಲ."

ಮಗಳು ತಲೆ ಎತ್ತಿದಳು. ನನ್ನ ಮುಖ ನೋಡಲಿಲ್ಲ, ಕೀಲಿಮಣೆಯ ಮೇಲಿದ್ದ ಪಟ್ಟಿ ಸುತ್ತಿದ ಕೈಗಳನ್ನು ನೋಡಿದಳು.

ಅಂಕಲ್ ಮೈಕನ್ನು ಬಿಟ್ಟು ನನ್ನ ಕಡೆ ತಿರುಗಿದರು. ಕನ್ನಡದಲ್ಲಿ, ಗದರುವ ದನಿಯಲ್ಲಿ ಹೇಳಿದರು, "ಏನವ್ವಾ ಇದು? ದಾಖಲೆಗೆ ಸುಳ್ಳು ಹೇಳ್ತೀಯಾ? ಕುರ್ಚಿ ಮೇಲೆ ಕೂತವರು ಮಾಡೋ ಕೆಲಸವಾ? ನಂದು ನಾನೇ ಹೇಳ್ತೀನಿ, ಬರಕೋ."

ಮತ್ತೆ ಹೇಳಿದರು. ಇಂಥವರ ಮಗ ಇಂಥವನು. ಪೂರ್ವಕ್ಕೆ ಕೌಂಟಿ ರಸ್ತೆ, ನನ್ನ ಹೆಂಡತಿ ಸತ್ತ ರಸ್ತೆ. ಉತ್ತರಕ್ಕೆ ಎರಡು ನಾಯಿಗಳ ಮನೆ, ನನ್ನ ಜೀವ ಉಳಿಸಿದ ನಾಯಿಗಳು. ದಕ್ಷಿಣಕ್ಕೆ ಬಸ್ಸು ನಿಲ್ಲುವ ಜಾಗ. ಪಶ್ಚಿಮಕ್ಕೆ ಹಿತ್ತಿಲ ಬಾಗಿಲು. ಅಲ್ಲಿ ದನಿ ಇಳಿಯಿತು.

"ಈಗ ಬೀಗ ಹಾಕಿದೆ. ಕೀಲಿ ಮಗಳ ಹತ್ತಿರ ಇರುತ್ತದೆ. ನಾನು ಹೊರಗೆ ಬರಬೇಕಾದರೆ ಅವಳು ಸಂಜೆ ಬರಬೇಕು."

ಮೂರು ನಿಮಿಷ ಕಳೆಯಿತು, ನಾಲ್ಕಾಯಿತು. ಅವರು ಜೇಬಿನಿಂದ ಆ ಹಳೆಯ ಕಾಗದ ತೆಗೆದು ಹೆಂಡತಿಯ ಬಗ್ಗೆ ಓದಿದರು. ಅಧ್ಯಕ್ಷೆ ದೀಪದ ಕಡೆ ಸನ್ನೆ ಮಾಡಿದರು, ಗುದ್ದುವವನು "ಟೈಮ್, ಟೈಮ್" ಎಂದು ಕೂಗಿ ಕುರ್ಚಿ ಒದ್ದ, ಅವನನ್ನು ಎಳೆದುಕೊಂಡು ಹೋದರು. ನಾನು ಎರಡೂ ಕೈ ಮೇಜಿನ ಮೇಲೆ ಇಟ್ಟುಕೊಂಡು ಕೂತಿದ್ದೆ. ಐವರು ಒಪ್ಪಿ ಇಬ್ಬರು ಬೇಡವೆಂದು, ಫುಟ್‌ಪಾತ್ ಪಾಸಾಯಿತು. ಆಮೇಲೆ ಅದನ್ನು ಮೇಪಲ್ ಮರದ ಹತ್ತಿರ ಸ್ವಲ್ಪ ಬಾಗಿಸಿ, ಮರ ಉಳಿಸಿದರು. ನಿಯಮ ಮೀರಿದ್ದಕ್ಕೆ ನನಗೆ ಒಂದು ಮೆಮೊ ಬಂತು. ವಿಳಾಸದ ನಿಯಮವನ್ನೂ ತೆಗೆದರು, ಈಗ ಊರಿನ ಹೆಸರು ಹೇಳಿದರೆ ಸಾಕು.

ಆ ಸಂಜೆ ಸಭೆ ಮುಗಿದ ಮೇಲೆ ಮಗಳು ನನ್ನ ಮೇಜಿನ ಹತ್ತಿರ ಬಂದಳು. ನಾನು ಎದ್ದು ನಿಂತೆ. ಹೊಡೆದರೆ ಹೊಡೆಯಲಿ ಎಂದು ಕೈಗಳನ್ನು ಮೇಜಿನ ಮೇಲೆಯೇ ಬಿಟ್ಟೆ. ಅವಳು ಚೀಲದಿಂದ ನನ್ನ ಸಾರಿನ ಫ್ಲಾಸ್ಕ್ ತೆಗೆದು ಅವುಗಳ ನಡುವೆ ಇಟ್ಟಳು.

"ಅಪ್ಪ ಕೊಟ್ಟು ಬಾ ಅಂದ್ರು," ಎಂದು ಹೇಳಿ ತಿರುಗಿ ಹೋದಳು. ಆಂಟಿ ಎನ್ನಲಿಲ್ಲ.

ನಮ್ಮಲ್ಲಿ ಯಾರೂ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಎಷ್ಟೇ ಮುನಿಸಿದ್ದರೂ ಒಂದು ಚಮಚ ಸಕ್ಕರೆಯಾದರೂ ಹಾಕಿ ಕಳಿಸುತ್ತಾರೆ. ಎಲ್ಲರೂ ಹೋಗುವ ತನಕ ಕಾದು ಮುಚ್ಚಳ ತಿರುಗಿಸಿ ನೋಡಿದೆ. ಒಳಗೆ ಚೆನ್ನಾಗಿ ತೊಳೆದು ಒರೆಸಿತ್ತು, ಸೋಪಿನ ವಾಸನೆ ಬರುತ್ತಿತ್ತು.